ಪ್ರಶ್ನೆ ರೇವಣ್ಣನ ಹೆಂಡತಿ

ಕೆಂಚನಕಟ್ಟೆಯ ರುದ್ರಮ್ಮನಿಗೆ ಬಾಯಿ ಜಾಸ್ತಿ ಎಂದು ಊರೇ ಹೇಳುತ್ತದೆ. ಹೇಳುವವರಿಗೇನು, ಹೇಳಲಿ. ಬಾಣಾವರದಲ್ಲಿ ಹುಟ್ಟಿ ಬೆಳೆದ ಹೆಂಗಸು. ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ಲೋಟ ಇಟ್ಟು, ತಲೆ ತಗ್ಗಿಸಿ ಒಳಗೆ ಹೋಗಬೇಕಾದವಳು ಹೋಗದೆ ಅಲ್ಲೇ ನಿಂತು, "ನಿಮ್ಮೂರಲ್ಲಿ ನೀರು ಹೆಂಗೈತೆ?" ಎಂದು ಗಂಡನ್ನೇ ಕೇಳಿದ್ದಳು. ಅವಳ ಅಪ್ಪನಿಗೆ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಗಂಡು ರೇವಣಸಿದ್ದಪ್ಪ ಮಾತ್ರ ನಕ್ಕು, "ಎಳನೀರಿದ್ದಂಗೈತೆ" ಎಂದಿದ್ದ. ಆಗ ಅದು ಸುಳ್ಳಾಗಿರಲಿಲ್ಲ. ಊರ ಮುಂದಿನ ಬಾವಿಯ ನೀರು ನಿಜಕ್ಕೂ ಸಿಹಿಯಾಗಿತ್ತು.

ಈಗ ಆ ಬಾವಿಯಲ್ಲಿ ಪ್ಲಾಸ್ಟಿಕ್ ಕವರುಗಳು ಬಿದ್ದಿವೆ. ಬೋರ್‌ವೆಲ್‌ಗಳು ಒಂದಾದ ಮೇಲೊಂದು ಆಳಕ್ಕಿಳಿದವು. ನಲ್ಲಿಯಲ್ಲಿ ಬರುವುದು ಹಲ್ಲು, ಮೂಳೆ ತಿನ್ನುವ ಫ್ಲೋರೈಡ್ ನೀರು. ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂರುತ್ತದೆ. ರುದ್ರಮ್ಮನ ಮಂಡಿ ಮಡಚುವುದಿಲ್ಲ, ಲಿಂಗಪೂಜೆಗೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಅದನ್ನಾದರೂ ವಯಸ್ಸಿನ ತಲೆಗೆ ಕಟ್ಟಬಹುದು. ಪಕ್ಕದ ಮನೆ ಭಾಗ್ಯಳ ಮಗಳಿಗೆ ಯಾವ ವಯಸ್ಸು? ಎರಡನೇ ಕ್ಲಾಸಿನ ಹುಡುಗಿ, ಹಲ್ಲೆಲ್ಲ ಕಂದು. ಶಾಲೆಯ ಗ್ರೂಪ್ ಫೋಟೋದಲ್ಲಿ ಎಲ್ಲ ಮಕ್ಕಳೂ ನಗುತ್ತಿದ್ದರೆ ಅದೊಂದು ತುಟಿ ಬಿಗಿದುಕೊಂಡು ನಿಂತಿದೆ.

ಊರಿಗೆ ಶುದ್ಧ ನೀರಿನ ಘಟಕ ಬರಲಿಲ್ಲವೆಂದಲ್ಲ. ಬಂತು, ಮೆರವಣಿಗೆಯಲ್ಲೇ ಬಂತು! ಶಾಲೆಯ ಪಕ್ಕ ಒಂದು ರೂಮು ಕಟ್ಟಿದರು, ನೀಲಿ ಬಣ್ಣ ಬಳಿದರು. ಷಟರ್ ಎತ್ತಿದರೆ ಫಳಫಳ ಹೊಳೆಯುವ ಸ್ಟೀಲ್ ಹಲಗೆ, ಅದರಲ್ಲಿ ಒಂದು ನಲ್ಲಿ, ಕಾಸು ಹಾಕಲು ಒಂದು ಕಿಂಡಿ. ಪಕ್ಷದ ನಾಯಕರೇ ಬಂದು ಟೇಪು ಕತ್ತರಿಸಿದರು. ನಲ್ಲಿಯಿಂದ ಒಂದು ಲೋಟ ಹಿಡಿದು, ಕ್ಯಾಮೆರಾದ ಕಡೆ ತಿರುಗಿ ಗಟಗಟ ಕುಡಿದು, "ಅಮೃತ ಕಣ್ರಪ್ಪಾ, ಅಮೃತ!" ಎಂದರು. ಊರೆಲ್ಲ ಚಪ್ಪಾಳೆ ತಟ್ಟಿತು. ಸಾಯಂಕಾಲ ಷಟರ್ ಎಳೆದು ಬೀಗ ಹಾಕಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕೇಳಿದರೆ ಮೊದಲು ಕರೆಂಟ್ ಕನೆಕ್ಷನ್ ಆಗಬೇಕು ಎಂದರು. ಆಮೇಲೆ ಟೆಕ್ನಿಷಿಯನ್ ಬರಬೇಕು ಎಂದರು. ಕೊನೆಗೆ ಬೀಗದ ಕೈ ಕಂಟ್ರಾಕ್ಟರ್ ಹತ್ತಿರ ಇದೆ ಎಂದರು. ಕಂಟ್ರಾಕ್ಟರ್ ಫೋನ್ ಎತ್ತುವುದನ್ನೇ ಬಿಟ್ಟಿದ್ದ.

ಇಂಥ ಊರಿನಲ್ಲಿ, ಇಂಥ ಹೆಂಗಸಿಗೆ, ಗಂಡನಾಗಿ ಸಿಕ್ಕವನು ಸುತ್ತ ಮೂರು ತಾಲ್ಲೂಕಿಗೇ ಹೆಸರುವಾಸಿಯಾದ ಪ್ರಶ್ನೆ ಕೇಳುವವನು! ಹಣೆಬರಹ ಎಂದರೆ ಇದೇ ಇರಬೇಕು.

ರೇವಣಸಿದ್ದಪ್ಪ ಮೊದಲಿನಿಂದಲೂ ಹೀಗಿರಲಿಲ್ಲ. ತೆಂಗಿನ ತೋಟದ ಸಾಧು ಮನುಷ್ಯ, ಕೊಬ್ಬರಿ ಮಾರಿಕೊಂಡು ಬಂದು ಮಾತಿಲ್ಲದೆ ಉಂಡು ಮಲಗುವವನು. ಒಂದು ಸಲ ಗ್ರಾಮಸಭೆಯಲ್ಲಿ ಅದೇನು ತಲೆಗೇರಿತೋ, ಎದ್ದು ನಿಂತು, "ಸ್ವಾಮಿ, ನಮ್ಮ ಬೀದಿಗೆ ದೀಪ ಹಾಕಿದ್ದೀವಿ ಅಂತೀರಲ್ಲ, ಕಂಬ ಎಲ್ಲೈತೆ ತೋರ್ಸಿ, ದೀಪ ನಾನೇ ಹುಡುಕ್ಕೊಂತೀನಿ" ಎಂದುಬಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ಅಧಿಕಾರಿ ಕರ್ಚೀಫ್ ತೆಗೆದು ಮುಖ ಒರೆಸಿಕೊಂಡ. ಯಾರೋ ವಿಡಿಯೋ ಮಾಡಿ 'ದಿಟ್ಟ ರೈತ' ಎಂದು ಹೆಸರಿಟ್ಟು ಹರಿಯಬಿಟ್ಟರು. ಆ ದಿನ ರುದ್ರಮ್ಮನಿಗೂ ಹೆಮ್ಮೆಯಾಗಿತ್ತು. ಗಂಡನಿಗೆಂದು ಪಾಯಸ ಮಾಡಿದ್ದಳು.

ಆ ವಿಡಿಯೋ ಅರಸೀಕೆರೆಯ ಚನ್ನೇಶನ ಕಣ್ಣಿಗೆ ಬಿತ್ತು. ಚನ್ನೇಶ ಹೆಸರಿಗೆ ಕೊಬ್ಬರಿ ವ್ಯಾಪಾರಿ. ಚುನಾವಣೆ ಹತ್ತಿರವಾದರೆ ಪಕ್ಷದ ಸಭೆಗಳಿಗೆ ಜನ, ಕುರ್ಚಿ, ಶಾಮಿಯಾನ, ಚಪ್ಪಾಳೆ ಎಲ್ಲ ಹೊಂದಿಸುವವನು ಅವನೇ. ಈಗಿನ ನಾಯಕರಿಗೆ ಭಾಷಣ ಬೇಡವಂತೆ. ಸಂವಾದ ಬೇಕಂತೆ. 'ನಿಮ್ಮ ಪ್ರಶ್ನೆ, ನೇರ ಉತ್ತರ' ಎಂದು ಬ್ಯಾನರ್ ಕಟ್ಟಿಸಿ, ಜನರ ನಡುವೆ ಓಡಾಡುತ್ತ, ಯಾರು ಏನು ಬೇಕಾದರೂ ಕೇಳಿ ಎನ್ನಬೇಕು, ಜನ ಕೇಳಬೇಕು, ಇವರು ಥಟ್ಟನೆ ಹೇಳಬೇಕು. ಥಟ್ಟನೆ ಹೇಳಬೇಕಾದರೆ ಏನು ಕೇಳುತ್ತಾರೆಂದು ಮೊದಲೇ ಗೊತ್ತಿರಬೇಕಲ್ಲ! ಅದಕ್ಕೆ ಚನ್ನೇಶ ಬೇಕು. ಚನ್ನೇಶನಿಗೆ ರೇವಣಸಿದ್ದಪ್ಪನಂಥವರು ಬೇಕು.

ಅವನ ಕೊಬ್ಬರಿ ಗೋಡೌನಿನಲ್ಲೇ ಪಾಠ. ಒಂದು ದಿನ ಕೊಬ್ಬರಿ ಹಾಕಲು ಗಂಡನ ಜೊತೆ ಹೋಗಿದ್ದ ರುದ್ರಮ್ಮ ಅದನ್ನು ಕಣ್ಣಾರೆ ಕಂಡಳು. ಚೀಲಗಳ ಮೇಲೆ ನಾಲ್ಕು ಜನ ಕೂತಿದ್ದಾರೆ, ಎಲ್ಲರೂ ನರೆತ ಮೀಸೆಯ ಗಂಡಸರು. ಚನ್ನೇಶ ಎದುರಿಗೆ ನಿಂತು ಹೇಳಿಕೊಡುತ್ತಿದ್ದಾನೆ.

"ರೇವಣ್ಣಾರೆ, ಅಷ್ಟು ನೀಟಾಗಿ ಮಾತಾಡ್ಬೇಡಿ. ರೈತ ಅಷ್ಟು ನೀಟಾಗಿ ಮಾತಾಡಿದ್ರೆ ನಂಬೋರು ಯಾರು? ನಡುವೆ ಒಂದ್ಸಲ ತಡವರಿಸಿ. ಒಂದ್ಸಲ ಕೆಮ್ಮಿ. ಸಿಟ್ಟಿರೋ ಹಂಗೆ ಕಾಣ್ಬೇಕು, ಸಿಟ್ಟು ಮಾತ್ರ ಬರಬಾರ್ದು. ಕೊನೇಲಿ 'ನಮ್ಮ ಗತಿ ಏನು ಸಾಹೇಬ್ರೆ' ಅಂತ ದನಿ ಇಳಿಸಿ. ಎಲ್ಲಿ, ಇನ್ನೊಂದ್ಸಲ."

ರೇವಣಸಿದ್ದಪ್ಪ ಇನ್ನೊಂದು ಸಲ ಕೆಮ್ಮಿದ. ಥೂ, ಎನ್ನಿಸಿತು ರುದ್ರಮ್ಮನಿಗೆ. ಕಟ್ಟಿಕೊಂಡ ಗಂಡ, ಚೀಲದ ಮೇಲೆ ಕೂತು, ಮಗನ ವಯಸ್ಸಿನವನ ಹತ್ತಿರ ಕೆಮ್ಮುವುದು ಕಲಿಯುತ್ತಿದ್ದಾನೆ! ಬಸ್ಸಿನಲ್ಲಿ ಬರುತ್ತ ಅವಳು ಗಂಡನ ಪಕ್ಕದ ಸೀಟು ಖಾಲಿಯಿದ್ದರೂ ಕೂರದೆ ನಿಂತೇ ಬಂದಳು.

ಇಷ್ಟಕ್ಕೂ ಅವನಿಗೆ ಸಿಗುತ್ತಿದ್ದದ್ದೇನು? ಕಾರಿನಲ್ಲಿ ಮುಂದಿನ ಸೀಟು, ಒಂದು ಊಟ, ಒಂದು ಶಾಲು, ಟೀವಿಯಲ್ಲಿ ಅವನ ಮುಖದ ಕೆಳಗೆ 'ರೈತ ಮುಖಂಡರು' ಎಂಬ ಎರಡು ಪದ. ಆ ಎರಡು ಪದಕ್ಕೆ ಮನುಷ್ಯ ಕರಗಿಹೋದ. ಊರಲ್ಲಿ ಅವನನ್ನು ಪ್ರಶ್ನೆ ರೇವಣ್ಣ ಎಂದು ಕರೆಯತೊಡಗಿದರು. ಅದು ಹೊಗಳಿಕೆಯೆಂದೇ ಅವನು ತಿಳಿದಿದ್ದ.

ಬೇಲೂರಿಗೆ ಹೋದಾಗ ಅವನನ್ನು ಕಾಫಿ ಬೆಳೆಗಾರನನ್ನಾಗಿ ಮಾಡಿದರು. ಮಠದ ಆನೆ ಬಿಟ್ಟರೆ ಬೇರೆ ಆನೆ ಕಂಡವನಲ್ಲ, ಅಲ್ಲಿ ಎದ್ದು ನಿಂತು "ಆನೆ ಬಂದು ನನ್ನ ತೋಟ ತುಳಿದೋಯ್ತು ಸಾಹೇಬ್ರೆ, ನಮ್ಮ ಗತಿ ಏನು" ಎಂದು ದನಿ ಇಳಿಸಿದ. ನಾಯಕರ ಕಣ್ಣಲ್ಲಿ ನೀರು ಬಂತು. ಸಭೆ ಮುಗಿದ ಮೇಲೆ ನಿಜವಾದ ಬೆಳೆಗಾರನೊಬ್ಬ ಪಾಪ, ಕನಿಕರದಿಂದ ಹತ್ತಿರ ಬಂದು, "ನಿಮ್ದು ರೋಬಸ್ಟಾನಾ, ಅರೇಬಿಕಾನಾ?" ಎಂದು ವಿಚಾರಿಸಿದ. "ಎರಡೂ ಅಲ್ಲ ಸ್ವಾಮಿ, ನಮ್ದು ನಾಟಿ" ಎಂದರಂತೆ ನಮ್ಮ ರೈತ ಮುಖಂಡರು. ಮನೆಗೆ ಬಂದು ಅದನ್ನು ತಾನೇ ಹೇಳಿಕೊಂಡು ನಕ್ಕ. ರುದ್ರಮ್ಮ ನಗಲಿಲ್ಲ. "ಆನೆ ತುಳಿದು ಸತ್ತೋರ ಮನೇವ್ರು ಆ ಸಭೇಲಿ ಕೂತಿರ್ಲಿಲ್ವೇನ್ರೀ?" ಎಂದು ಕೇಳಿದಳು. ಅವನು ಕೈ ತೊಳೆಯಲು ಎದ್ದು ಹೋದ.

ಹಳೇಬೀಡಿನಲ್ಲಿ ಶುಂಠಿ ಬೆಳೆಗಾರನಾದ. ಅಲ್ಲಿ ಒಂದು ಎಡವಟ್ಟಾಯಿತು. ಮೈಕು ಹಿಡಿದು ಓಡಾಡುವ ಹುಡುಗರು ಬೆಂಗಳೂರಿನವರು, ಹೇಳಿಕೊಟ್ಟವರು ಯಾರು, ಬರೀ ಜನ ಯಾರು ಎಂದು ಅವರಿಗೆ ಗೊತ್ತಾಗಲಿಲ್ಲ. ಮೈಕು ಹೋಗಿ ಒಬ್ಬ ನಿಜವಾದ ಶುಂಠಿಯವನ ಕೈಗೆ ಸಿಕ್ಕಿತು. ಅವನು ಕೊಳೆರೋಗದಿಂದ ಶುರುಮಾಡಿ ನಾಯಕರ ಭಾವಮೈದುನನ ಗೊಬ್ಬರದ ಅಂಗಡಿಯವರೆಗೆ ಬಂದ. ಕರೆಂಟೇ ತೆಗೆಯಬೇಕಾಯಿತು. ಅಲ್ಲಿಂದ ಚನ್ನೇಶ ಹುಷಾರಾದ. ಮುಂದಿನ ಸಭೆ ಅರಸೀಕೆರೆಯಲ್ಲಿ, ಅದಕ್ಕೆ ತನ್ನ ಜನಕ್ಕೆಲ್ಲ ಕೆಂಪಂಚಿನ ಹಸಿರು ಟವೆಲ್ ಹಂಚಿದ. ಎಡ ಹೆಗಲ ಮೇಲೆ ಹಾಕಿಕೊಂಡು ಕೂರಬೇಕು. ಎಡ ಹೆಗಲಲ್ಲಿ ಕೆಂಪಂಚು ಕಂಡಲ್ಲಿಗೆ ಮಾತ್ರ ಮೈಕು. "ಹೆಂಗಸರ ಕಡೆ ಮೈಕೇ ಬೇಡ, ಹೇಳ್ಕೊಟ್ಟಿದ್ದು ಬಿಟ್ಟು ಇನ್ನೇನೋ ಕೇಳ್ತಾರೆ" ಎಂದೂ ಅಪ್ಪಣೆ ಮಾಡಿದ. ಅದೊಂದು ಮಾತು ಮಾತ್ರ ಅವನು ಸರಿಯಾಗಿ ಹೇಳಿದ್ದ.

ತಮ್ಮ ತಾಲ್ಲೂಕಿನ ಅರಸೀಕೆರೆಯಲ್ಲೇ ಸಭೆ ಎಂದು ಕೇಳಿದ ಕೂಡಲೇ ರುದ್ರಮ್ಮ ಗಂಡನನ್ನು ಹಿಡಿದಳು.

"ಸಭೆಗೆ ಬರೋ ಆವಯ್ಯನೇ ನಮ್ಮೂರಲ್ಲಿ ಟೇಪು ಕತ್ರಿಸಿದ್ದು. ನೀವು ಊರೂರು ತಿರುಗಿ ಆನೆ ಕೇಳಿದ್ರಿ, ಶುಂಠಿ ಕೇಳಿದ್ರಿ. ನಮ್ಮೂರ ನೀರು ಯಾವಾಗ ಕೇಳ್ತೀರಿ?"

"ಹಂಗೆಲ್ಲ ಕೇಳಕ್ಕಾಗಲ್ಲ ಕಣೇ. ಚನ್ನೇಶಪ್ಪ ಕೊಬ್ಬರಿ ಬೆಲೆ ಪ್ರಶ್ನೆ ಕೊಟ್ಟವ್ನೆ."

"ಕೊಬ್ಬರೀನೂ ಕೇಳಿ, ಯಾರು ಬ್ಯಾಡ ಅಂದ್ರು? ಕೊನೇಲಿ ಒಂದು ಮಾತು. ಬೀಗದ ಕೈ ಯಾರತ್ರ ಐತೆ ಅಂತ. ಅಷ್ಟೇ. ಆ ಮಗೀನ ಹಲ್ಲು ನೋಡಿದ್ದೀರಾ ನೀವು?"

ರೇವಣಸಿದ್ದಪ್ಪ ಪಕ್ಕದ ಮನೆಯ ಕಡೆ ನೋಡಿದ. ಆ ಮಗು ಅವನ ತೊಡೆಯ ಮೇಲೆ ಆಡಿ ಬೆಳೆದದ್ದು. ಕೊನೆಗೆ, "ಆಯ್ತು, ಕೇಳ್ತೀನಿ. ಕೊಬ್ಬರಿ ಆದ್ಮೇಲೆ ಸೇರಿಸಿಬಿಡ್ತೀನಿ" ಎಂದ. ಕೊರಳಲ್ಲಿದ್ದ ಕರಡಿಗೆಯನ್ನು ಮುಟ್ಟಿ ಹೇಳಿದ. ಲಿಂಗದ ಕರಡಿಗೆ ಮುಟ್ಟಿದ ಮೇಲೆ ಇನ್ನೇನು ಎಂದು ರುದ್ರಮ್ಮ ನಂಬಿದಳು. ಆದರೂ ಕಿವಿಯಾರೆ ಕೇಳಿಬಿಡೋಣ ಎಂದು, ಭಾಗ್ಯಳನ್ನೂ ಹೊರಡಿಸಿಕೊಂಡು ಪಕ್ಷದವರ ಟೆಂಪೋ ಹತ್ತಿದಳು.

ಸಮುದಾಯ ಭವನ ತುಂಬಿತ್ತು. ಕುರ್ಚಿಗಳಿಗೆ ಬಿಳಿ ಬಟ್ಟೆ ತೊಡಿಸಿದ್ದರು. ಗಂಡಸರು ಮಧ್ಯೆ, ಹೆಂಗಸರು ಗೋಡೆಯ ಬದಿಗೆ. ಮುಂದಿನ ಸಾಲಿನಲ್ಲಿ ರೇವಣಸಿದ್ದಪ್ಪ, ಎಡ ಹೆಗಲ ಮೇಲೆ ಇಸ್ತ್ರಿ ಮಾಡಿದ ಟವೆಲ್. ಸಭೆಯಲ್ಲಿದ್ದವರಿಗೆ ಇದೆಲ್ಲ ನಾಟಕವೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. "ಇವತ್ತು ಯಾರ್ಯಾರು ಕೇಳೋದು?" ಎಂದು ಹೆಂಗಸರ ಸಾಲಿನಲ್ಲೇ ಒಬ್ಬಳು ಒಗ್ಗರಣೆಗೆ ಏನು ಹಾಕಿದಿರಿ ಎನ್ನುವಷ್ಟು ಸಲೀಸಾಗಿ ವಿಚಾರಿಸುತ್ತಿದ್ದಳು. ಗೊತ್ತಿದ್ದೂ ಬಂದು ಕೂತು, ಗೊತ್ತಿದ್ದೂ ಚಪ್ಪಾಳೆ ತಟ್ಟುವ ಜನ. ಇವರನ್ನು ಕಂಡರೆ ನಾಯಕರಿಗಿಂತ ಇವರ ಮೇಲೇ ರುದ್ರಮ್ಮನಿಗೆ ಜಾಸ್ತಿ ರೇಗುತ್ತಿತ್ತು.

ನಾಯಕರು ಹಾರ ಹಾಕಿಸಿಕೊಂಡು ಬಂದರು. "ನಂಗೆ ಮೊದಲೇ ಏನೂ ಗೊತ್ತಿಲ್ಲ, ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಕೇಳಿ" ಎಂದರು. ಮೈಕಿನ ಹುಡುಗರ ಮೇಸ್ತ್ರಿ ಚೇತನ್‌ಕುಮಾರ್ ಎಂಬ ಬೆಂಗಳೂರಿನವನು, ಕಿವಿಗೆ ಏನೋ ಸಿಕ್ಕಿಸಿಕೊಂಡವನು, ಕೆಂಪಂಚು ಹುಡುಕಿ ಮೊದಲನೆಯವನಿಗೆ ಮೈಕು ಕೊಟ್ಟ. ಅವನು ಹೇಳಿಕೊಟ್ಟ ಜಾಗದಲ್ಲಿ ತಡವರಿಸಿದ. ನಾಯಕರು ಥಟ್ಟನೆ ಉತ್ತರಿಸಿದರು. ಎಲ್ಲ ಸಾಂಗವಾಗಿ ನಡೆಯುತ್ತಿತ್ತು.

ಅಷ್ಟರಲ್ಲಿ ಮಠದ ಸ್ವಾಮಿಗಳು ಬಂದರು. ಕೊನೆಯಲ್ಲಿ ಆಶೀರ್ವಚನಕ್ಕೆ ಬರಬೇಕಾದವರು, ಬೇರೆ ಕಡೆಯ ಪೂಜೆ ಬೇಗ ಮುಗಿಯಿತೆಂದು ನಡುವೆಯೇ ಬಂದುಬಿಟ್ಟರು. ಸಭೆಯೆಲ್ಲ ಎದ್ದು ನಿಂತಿತು. ಎದ್ದದ್ದೇ ತಡ, ಭವನದಲ್ಲಿದ್ದ ಗಂಡಸರೆಲ್ಲ ಹೆಗಲ ಮೇಲಿನ ಟವೆಲ್ ತೆಗೆದರು. ಕೆಲವರು ಸೊಂಟಕ್ಕೆ ಸುತ್ತಿಕೊಂಡರು, ಕೆಲವರು ಕಂಕುಳಲ್ಲಿ ಇಟ್ಟುಕೊಂಡರು. ಗುರುಗಳ ಎದುರು, ಹಿರಿಯರ ಎದುರು ಹೆಗಲ ಮೇಲೆ ಬಟ್ಟೆ ಇರಕೂಡದು; ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಕೈ ತಾನೇ ಹೋಗುತ್ತದೆ. ಸ್ವಾಮಿಗಳು ವೇದಿಕೆಯ ಮೇಲೆ ಕೂತರು, ಸಭೆಯೂ ಕೂತಿತು. ಒಂದು ಹೆಗಲ ಮೇಲೂ ಒಂದು ನೂಲು ಇರಲಿಲ್ಲ.

ಚೇತನ್‌ಕುಮಾರ್ ಮೈಕು ಹಿಡಿದು ಸಾಲು ಸಾಲು ನೋಡಿದ. ಎಲ್ಲವೂ ಬರೀ ಹೆಗಲು. ವೇದಿಕೆಯ ಪಕ್ಕದಿಂದ ಚನ್ನೇಶ ತನ್ನ ಎಡ ಹೆಗಲನ್ನು ತಟ್ಟಿ ತಟ್ಟಿ ತೋರಿಸಿದ. ಹಾಕಿಕೊಳ್ಳಿ, ಹಾಕಿಕೊಳ್ಳಿ ಎಂದು ಸದ್ದಿಲ್ಲದೆ ತುಟಿ ಆಡಿಸಿದ. ರೇವಣಸಿದ್ದಪ್ಪನಿಗೆ ಅರ್ಥವಾಗಲಿಲ್ಲವೆಂದಲ್ಲ. ಅವನು ಸ್ವಾಮಿಗಳನ್ನು ನೋಡಿದ, ಚನ್ನೇಶನನ್ನು ನೋಡಿದ, ಆಗುವುದಿಲ್ಲವೆಂದು ತಲೆಯಾಡಿಸಿ ಟವೆಲ್ಲನ್ನು ಕಂಕುಳಲ್ಲಿ ಇನ್ನಷ್ಟು ಒತ್ತಿಕೊಂಡ. ಸ್ವಾಮಿಗಳ ಎದುರು, ಇಲ್ಲದ ಆನೆಯನ್ನು ತೋಟಕ್ಕೆ ನುಗ್ಗಿಸಬಹುದು, ಅದಕ್ಕೆ ಅಡ್ಡಿಯಿಲ್ಲ. ಟವೆಲ್ ಮಾತ್ರ ಹೆಗಲ ಮೇಲಿರಕೂಡದು! ಎಂಥಾ ಸಂಸ್ಕಾರವಂತರು ಎಂದುಕೊಂಡಳು ರುದ್ರಮ್ಮ.

ನಾಯಕರಿಗೆ ಇದಾವುದೂ ತಿಳಿಯದು. ಸ್ವಾಮಿಗಳು ಕೂತಿದ್ದಾರೆಂದು ಅವರಿಗೆ ಹುರುಪು ಹೆಚ್ಚಿತ್ತು. "ಬುದ್ಧಿಯವರ ಎದುರಿಗೇ ಹೇಳ್ತೀನಿ, ಮುಚ್ಚುಮರೆ ಇಲ್ಲ. ಹೆಣ್ಮಕ್ಕಳು ಯಾಕೆ ಸುಮ್ನೆ ಕೂತಿದ್ದೀರಿ? ಕೇಳಿ!" ಎಂದರು.

ರುದ್ರಮ್ಮ ಗೋಡೆ ಹಿಡಿದು ಎದ್ದಳು. ಕೈ ಎತ್ತಿದಳು. ಭಾಗ್ಯ ಸೆರಗು ಜಗ್ಗಿ, "ಕೂತ್ಕೊಳಿ ಅಕ್ಕಾ" ಎಂದು ಪಿಸುಗುಟ್ಟಿದಳು. ಚನ್ನೇಶ ಅತ್ತ ಬೇಡ ಬೇಡವೆಂದು ಕೈ ಬೀಸುತ್ತಿದ್ದ. ಸ್ವಾಮಿಗಳು, "ಪಾಪ, ಆ ತಾಯಿಗೆ ಕಾಲು ನೋವಿದ್ದಂತಿದೆ, ಬೇಗ ಮೈಕು ಕೊಡಿ" ಎಂದರು. ಸ್ವಾಮಿಗಳು ಹೇಳಿದ ಮೇಲೆ ಚನ್ನೇಶನ ಕೈ ಕೆಳಗಿಳಿಯಿತು.

"ನಮ್ಮೂರು ಕೆಂಚನಕಟ್ಟೆ ಬುದ್ಧಿ" ಎಂದು ಸ್ವಾಮಿಗಳಿಗೇ ಹೇಳಿ, ಆಮೇಲೆ ನಾಯಕರ ಕಡೆ ತಿರುಗಿದಳು. "ಅಲ್ಲಿ ನೀರಿನ ಘಟಕಕ್ಕೆ ನೀವೇ ಬಂದು ಟೇಪು ಕತ್ರಿಸಿದ್ರಿ. ಒಂದ್ ಲೋಟ ನೀವೇ ಕುಡಿದ್ರಿ. ಅವತ್ತು ಸಂಜೆ ಬೀಗ ಬಿದ್ದಿದ್ದು ಇವತ್ತಿಗೂ ತೆಗೆದಿಲ್ಲ. ನಮ್ಮ ಮಂಡಿ ಹೋದ್ರೆ ಹೋಯ್ತು, ಮಕ್ಕಳ ಹಲ್ಲು ಹೋಯ್ತಾ ಐತೆ. ನಂಗೆ ಭಾಷಣ ಬ್ಯಾಡ. ಆ ಬೀಗದ ಕೈ ಯಾರತ್ರ ಐತೆ? ಅದೊಂದು ಹೇಳಿ."

ನಾಯಕರು ಒಮ್ಮೆ ಚನ್ನೇಶನ ಕಡೆ ನೋಡಿದರು. ಇದು ಅವರ ಪಾಠದಲ್ಲಿ ಇರಲಿಲ್ಲ. ಆದರೆ ಇಂಥ ನಾಯಕರು ಅಷ್ಟು ಸುಲಭಕ್ಕೆ ಮುಳುಗುವುದಿಲ್ಲ.

"ತಾಯಿ, ಕೇಳಿ ನಂಗೇ ಆಶ್ಚರ್ಯ ಆಯ್ತು. ಘಟಕ ಚೆನ್ನಾಗಿ ನಡೀತಾ ಐತೆ ಅಂತ ನಂಗೆ ರಿಪೋರ್ಟ್ ಬಂದೈತೆ. ಒಬ್ರು ಹೇಳಿದ್ದು ಕೇಳಿ ನಾನು ತೀರ್ಮಾನ ಮಾಡ್ಬಾರ್ದಲ್ಲ. ಕೆಂಚನಕಟ್ಟೆಯೋರು ಇನ್ಯಾರಾದ್ರೂ ಇದ್ದೀರಾ? ಹೌದೋ ಅಲ್ವೋ ಹೇಳಿ."

ಭಾಗ್ಯ ತಲೆ ಎತ್ತಲಿಲ್ಲ. ಮೈಕು ಮುಂದಿನ ಸಾಲಿಗೆ ಹೋಯಿತು. ರೇವಣಸಿದ್ದಪ್ಪ ಎದ್ದು ನಿಂತ.

ರುದ್ರಮ್ಮ ಗಂಡನನ್ನು ಅಷ್ಟು ಗಮನವಿಟ್ಟು ನೋಡಿದ್ದು ಹೆಣ್ಣು ನೋಡಲು ಬಂದ ದಿನದ ನಂತರ ಅವತ್ತೇ ಇರಬೇಕು. ಏನೂ ಬೇಕಾಗಿರಲಿಲ್ಲ. 'ಹೌದು' ಎಂದು ಒಂದು ಮಾತು. ಅದಕ್ಕೆ ಕೆಮ್ಮಬೇಕಾಗಿಲ್ಲ, ದನಿ ಇಳಿಸಬೇಕಾಗಿಲ್ಲ. ಹೇಳ್ರೀ, ಹೇಳಿಬಿಡ್ರೀ ಎಂದು ಅವಳ ಮನಸ್ಸು ಕೂಗುತ್ತಿತ್ತು.

ರೇವಣಸಿದ್ದಪ್ಪ ಮೈಕು ಹಿಡಿದ. ಹೆಂಡತಿಯ ಕಡೆ ನೋಡಿದ. ಗಂಟಲು ಸರಿಮಾಡಿಕೊಂಡ. "ಸಾಹೇಬ್ರೆ" ಎಂದ. "ಸಾಹೇಬ್ರೆ... ಕೊಬ್ಬರಿ ಬೆಲೆ ಬಿದ್ದೋಗೈತೆ. ಮನೇಲಿ ಅಟ್ಟದ ತುಂಬ ಕಾಯಿ ಕೂತೈತೆ..." ಒಂದು ಸಲ ತಡವರಿಸಿದ, ಒಂದು ಸಲ ಕೆಮ್ಮಿದ, "ನಮ್ಮ ಗತಿ ಏನು ಸಾಹೇಬ್ರೆ" ಎಂದು ದನಿ ಇಳಿಸಿ ಕೂತುಬಿಟ್ಟ.

ನಾಯಕರಿಗೆ ಹೋದ ಜೀವ ಬಂತು. ಕೊರಳಿನ ಹಾರವನ್ನು ಕಿತ್ತು ಮೇಜಿನ ಮೇಲಿಟ್ಟು, "ಕೊಬ್ಬರಿ ಬೆಳೆಗಾರನ ಕಣ್ಣೀರು ಒರೆಸೋ ತನಕ ನಾನು ಹಾರ ಹಾಕ್ಕೊಳ್ಳಲ್ಲ!" ಎಂದು ಗುಡುಗಿದರು. ಚಪ್ಪಾಳೆ ಬಿತ್ತು. ಶಿಳ್ಳೆಯೂ ಬಿತ್ತು. ಆ ಗದ್ದಲದಲ್ಲಿ ಬೀಗ, ಹಲ್ಲು, ಮಂಡಿ ಎಲ್ಲ ಕೊಚ್ಚಿಹೋಯಿತು. ರುದ್ರಮ್ಮ ಇನ್ನೂ ಗೋಡೆ ಹಿಡಿದು ನಿಂತೇ ಇದ್ದಳು.

ಅಷ್ಟಾಗಿದ್ದರೆ ನುಂಗಿಕೊಳ್ಳುತ್ತಿದ್ದಳೇನೋ. ಹೊರಗೆ ಪಲಾವಿನ ಸಾಲಿನಲ್ಲಿ ಹೆಂಗಸರು ಅವಳನ್ನು ಮುತ್ತಿಕೊಂಡರು. "ಎಷ್ಟು ಚೆನ್ನಾಗಿ ಮಾಡಿದ್ರಿ ಕಣ್ರೀ! ಗೋಡೆ ಹಿಡ್ಕೊಂಡು ಎದ್ದಿದ್ದಂತೂ ನಿಜವಾದ್ದೇ ಅನ್ನಿಸ್ತು" ಎಂದಳೊಬ್ಬಳು. "ಯಾವ ಕಡೆಯೋರು ಹೇಳ್ಕೊಟ್ಟಿದ್ದು?" ಎಂದಳು ಇನ್ನೊಬ್ಬಳು. ರುದ್ರಮ್ಮ ಭಾಗ್ಯಳ ಕಡೆ ನೋಡಿದಳು. ಭಾಗ್ಯ ತಟ್ಟೆಯಿಂದ ಕಣ್ಣೆತ್ತದೆ, "ನಂಗಾದ್ರೂ ಹೇಳ್ಬಾರ್ದಿತ್ತಾ ರುದ್ರಮ್ಮಕ್ಕ? ಎದುರು ಪಾರ್ಟಿ ಮರುಳಪ್ಪನ ಕಡೆಯೋರಾ? ಗಂಡ ಈ ಪಾರ್ಟಿ, ಹೆಂಡ್ತಿ ಆ ಪಾರ್ಟಿ, ಯಾರ್ ಗೆದ್ರೂ ನಿಮ್ಗೆ ಮೋಸ ಇಲ್ಲ ಬಿಡಿ" ಎಂದಳು.

ಯಾರ ಮಗಳ ಹಲ್ಲಿಗಾಗಿ ಎದ್ದು ನಿಂತಿದ್ದಳೋ ಅವಳ ಬಾಯಲ್ಲಿ ಈ ಮಾತು. ಪ್ರಶ್ನೆ ರೇವಣ್ಣನ ಹೆಂಡತಿ ನಿಜವಾದ ಪ್ರಶ್ನೆ ಕೇಳಿದಳೆಂದು ಯಾವ ನರಪಿಳ್ಳೆ ನಂಬುತ್ತದೆ? ಊರಿಗೂರೇ ನಂಬದಿದ್ದರೂ ತಪ್ಪಿಲ್ಲ ಎನ್ನಿಸಿತು ಅವಳಿಗೆ. ತಟ್ಟೆಯನ್ನು ಹಾಗೇ ಬಿಟ್ಟು ಟೆಂಪೋದಲ್ಲಿ ಹೋಗಿ ಕೂತಳು.

ಮನೆಯಲ್ಲಿ ರೇವಣಸಿದ್ದಪ್ಪ ಅವಳ ಹಿಂದೆ ಹಿಂದೆ ಸುತ್ತಿದ. "ಕೇಳ್ಬೇಕು ಅಂತಲೇ ಎದ್ದೆ ಕಣೇ. ಕರಡಿಗೆ ಮುಟ್ಟಿ ಹೇಳಿದ್ದು ನೆನಪಿತ್ತು. ಮೈಕು ಕೈಗೆ ಬಂದೇಟಿಗೆ ಬಾಯಿಗೆ ಅದೇ ಬಂತು." ರುದ್ರಮ್ಮ ಮುದ್ದೆ ಬಡಿಸಿ ಒಳಗೆ ಹೋದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಬೆಳಗ್ಗೆ ಅಂಗಳ ಗುಡಿಸುತ್ತಿರುವಾಗ ಮರುಳಪ್ಪ ಬೈಕು ನಿಲ್ಲಿಸಿದ. ಇವನು ಎದುರು ಪಕ್ಷದವನು, ಆ ಪಕ್ಷಕ್ಕೆ ಇವನೇ ಚನ್ನೇಶ. ಕೈಯಲ್ಲಿದ್ದ ಹೊಸ ಸೀರೆಯ ಕವರನ್ನು ಜಗಲಿಯ ಮೇಲಿಟ್ಟ.

"ರುದ್ರಮ್ಮನೋರೇ, ನಿನ್ನೆ ಏನ್ ಕೇಳಿದ್ರಿ! ಬೆಂಕಿ! ನಾಡಿದ್ದು ಬೇಲೂರಲ್ಲಿ ನಮ್ಮ ಸಭೆ. ಇದೇ ಪ್ರಶ್ನೆ, ಇದೇ ಸಿಟ್ಟು. ನೀವು ಬರೀ ಬಂದು ನಿಂತ್ಕೊಂಡ್ರೆ ಸಾಕು."

ರುದ್ರಮ್ಮ ಪೊರಕೆ ನಿಲ್ಲಿಸಿ ಕೇಳಿದಳು, "ಬಂದ್ರೆ ಬೀಗ ತೆಗೆಸಿ ಕೊಡ್ತೀಯೇನಪ್ಪಾ?"

"ಬೀಗಾನಾ?" ಮರುಳಪ್ಪ ನಕ್ಕ. "ಈಗಲೇ ಯಾಕಮ್ಮ? ಬೀಗ ತೆಗೆದ್ರೆ ಪ್ರಶ್ನೆ ಎಲ್ಲಿ ಉಳೀತದೆ? ಎಲೆಕ್ಷನ್ ಮುಗಿಯೋ ತನಕ ಇರ್ಲಿ ಬಿಡಿ."

"ಎದ್ದೋಗ್ಲಾ ಇಲ್ಲಿಂದ!" ಎಂದಳು ರುದ್ರಮ್ಮ. ಪೊರಕೆ ಎತ್ತಿದಳು. ಮರುಳಪ್ಪ ಬೈಕು ಒದೆಯುವುದರೊಳಗೆ ಸೀರೆಯ ಕವರು ಅವನ ಬೆನ್ನಿಗೆ ಬಡಿಯಿತು. ಗೋಡೆಯಾಚೆ ಪಾತ್ರೆ ಬೆಳಗುತ್ತಿದ್ದ ಭಾಗ್ಯ ಅಷ್ಟನ್ನೂ ಕೇಳಿಸಿಕೊಂಡು, ಬೂದಿಗೈಯಲ್ಲೇ ಎದ್ದು ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭಾಗ್ಯಳ ಕಣ್ಣು ತುಂಬಿತು. ರುದ್ರಮ್ಮ ಒಳಗೆ ಹೋಗಿ ತೋಟದ ಹಾರೆ ತಂದಳು.

ಮಂಡಿ ನೋವಿನ ಹೆಂಗಸು ಹಾರೆ ಹಿಡಿದು ಶಾಲೆಯ ಕಡೆ ನಡೆದರೆ ಊರು ಸುಮ್ಮನಿರುತ್ತದೆಯೇ? ಹಿಂದೆ ಜನ ಬಂತು. ರೇವಣಸಿದ್ದಪ್ಪ ಪಂಚೆ ಎತ್ತಿ ಕಟ್ಟುತ್ತ ಓಡಿಬಂದ. "ಗೌರ್ಮೆಂಟ್ ಆಸ್ತಿ ಕಣೇ! ಕೇಸ್ ಹಾಕ್ತಾರೆ ಕಣೇ!" ರುದ್ರಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀಗದ ಕೊಂಡಿಗೆ ಹಾರೆ ತೂರಿಸಿ ಮೀಟಿದಳು, ಬಗ್ಗಲಿಲ್ಲ. ಇನ್ನೊಂದು ಬದಿಯಿಂದ ಭಾಗ್ಯ ಬಂದು ಕೈ ಹಾಕಿದಳು. ಇಬ್ಬರೂ ಸೇರಿ ಒತ್ತಿದಾಗ ತುಕ್ಕು ಹಿಡಿದ ಬೀಗ ಕಿತ್ತುಕೊಂಡು ಬಂತು. ಷಟರ್ ಕಿರುಗುಟ್ಟುತ್ತ ಮೇಲೆ ಹೋಯಿತು.

ಸ್ಟೀಲ್ ಹಲಗೆ ಅಲ್ಲೇ ಇತ್ತು, ನಲ್ಲಿ ಇತ್ತು, ಕಾಸಿನ ಕಿಂಡಿ ಇತ್ತು. ರುದ್ರಮ್ಮ ಹಲಗೆಯ ಪಕ್ಕದಿಂದ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಹೋದಳು. ಹಿಂದೆ ಮಿಷಿನ್ ಇರಲಿಲ್ಲ, ಟ್ಯಾಂಕ್ ಇರಲಿಲ್ಲ, ಒಂದು ವೈರು ಕೂಡ ಇರಲಿಲ್ಲ. ಒಂದು ಎತ್ತರದ ಸ್ಟೂಲಿನ ಮೇಲೆ ಅಂಗಡಿಯಲ್ಲಿ ಮಾರುವ ಎರಡು ನೀಲಿ ನೀರಿನ ಕ್ಯಾನ್, ತಳದಲ್ಲಿ ಒಂದಿಷ್ಟು ನೀರು. ಒಂದರಿಂದ ಒಂದು ಸಣ್ಣ ಪೈಪು ಬಂದು ನಲ್ಲಿಯ ಬೆನ್ನಿಗೆ ಸೇರಿತ್ತು. ಮಿಕ್ಕಂತೆ ಬರೀ ಜೇಡರ ಬಲೆ.

ಜನ ಒಬ್ಬೊಬ್ಬರಾಗಿ ಬಂದು ಇಣುಕಿದರು. ಭಾಗ್ಯ ನೋಡಿ ಹೊರಗೆ ಬಂದು ಬಾಗಿಲಲ್ಲೇ ಕುಸಿದು ಕೂತಳು. "ಅವತ್ತು ಆವಯ್ಯ ಕುಡಿದಿದ್ದು ಇದನ್ನೇ" ಎಂದಳು ರುದ್ರಮ್ಮ. "ನಾವು ಇದಕ್ಕೇ ಚಪ್ಪಾಳೆ ತಟ್ಟಿದ್ದು. ಇಷ್ಟು ದಿನ ಇದಕ್ಕೇ ಬೀಗದ ಕೈ ಹುಡುಕಿದ್ದು."

ರೇವಣಸಿದ್ದಪ್ಪ ಎಲ್ಲರಿಗಿಂತ ಕೊನೆಗೆ ಒಳಗೆ ಬಂದ. ಸ್ಟೂಲಿನ ಸುತ್ತ ಒಂದು ಸುತ್ತು ಬಂದ, ಗೋಡೆ ಮುಟ್ಟಿ ನೋಡಿದ. "ಮಿಷಿನ್ ಎಲ್ರಲಾ?" ಎಂದು ಕೂಗಿದ. "ನಮ್ಮೂರ ಮಿಷಿನ್ ಎಲ್ಲಿ?" ಎಷ್ಟೋ ಕಾಲದ ಮೇಲೆ ಆ ಮನುಷ್ಯ ಯಾರೂ ಹೇಳಿಕೊಡದ ಪ್ರಶ್ನೆಯೊಂದನ್ನು ಕೇಳಿದ್ದ. ಅವನ ಕುತ್ತಿಗೆಯ ನರ ಉಬ್ಬಿತ್ತು. ರುದ್ರಮ್ಮನ ಎದೆ ಒಂದು ಕ್ಷಣ ಹಗುರವಾಯಿತು.

"ನನ್ನೇನ್ ಕೇಳ್ತೀರಿ? ಆವಯ್ಯ ಇವತ್ತೂ ಅರಸೀಕೆರೇಲೇ ಅವ್ನೆ" ಎಂದಳು. "ಆ ಕ್ಯಾನು ಎತ್ಕೊಳ್ಳಿ. ಅವನ ಮೇಜಿನ ಮೇಲೆ ಇಟ್ಟು ಇದೇ ಮಾತು ಕೇಳಿ. ಬಸ್ಸು ಬರೋ ಹೊತ್ತಾಯ್ತು, ನಡೀರಿ."

ರೇವಣಸಿದ್ದಪ್ಪ ಕ್ಯಾನಿಗೆ ಕೈ ಹಾಕಿದ. ಅರ್ಧ ಎತ್ತಿದವನು ಹಾಗೇ ನಿಂತ. ಊರವರ ಮುಖ ನೋಡಿದ. ಕ್ಯಾನನ್ನು ಮೆಲ್ಲಗೆ ಮತ್ತೆ ಸ್ಟೂಲಿನ ಮೇಲಿಟ್ಟು ಜೇಬಿನಿಂದ ಮೊಬೈಲು ತೆಗೆದ.

"ಮೊದ್ಲು ಚನ್ನೇಶಪ್ಪಂಗೆ ಒಂದ್ ಫೋನ್ ಮಾಡಿ, ಹೆಂಗೆ ಕೇಳೋದು ಅಂತ ವಿಚಾರಿಸ್ಲಾ?" ಎಂದ.

ರುದ್ರಮ್ಮ ಅವನನ್ನು ಪಕ್ಕಕ್ಕೆ ಸರಿಸಿ ಪೈಪು ಕಿತ್ತಳು. ಒಂದು ಕ್ಯಾನನ್ನು ತಾನು ಹಿಡಿದಳು, ಇನ್ನೊಂದನ್ನು ಭಾಗ್ಯಳ ಕೈಗೆ ಕೊಟ್ಟಳು. ಇಬ್ಬರೂ ಬಸ್ ಸ್ಟಾಪಿನ ಕಡೆ ಹೊರಟರು.